ಮಾವನ 1979ರ ಸ್ಟ್ರಾಟೋಕ್ಯಾಸ್ಟರ್: ಏನು ವಾಪಸ್ ಬಂತು, ಏನು ಬರಲಿಲ್ಲ

ಕೆಲಸ ಬಹುಪಾಲು ಮುಗಿದಿದೆ. ಫ್ರೆಟ್ (ಬೆರಳಿಡುವ ಪಟ್ಟಿಯ ಮೇಲಿನ ಲೋಹದ ಅಡ್ಡಪಟ್ಟಿಗಳು) ಕೆಲಸ ಮಾತ್ರ ಬಾಕಿ. ಹಳೆ ಎಲೆಕ್ಟ್ರಿಕ್ ಗಿಟಾರ್ ಮನೆಯಲ್ಲಿಟ್ಟುಕೊಂಡು, ಇದನ್ನು ಮೊದಲಿನ ಹಾಗೆ ಮಾಡಿಸಿದರೆ ರೇಟು ಬರುತ್ತಾ ಅಂತ ಯೋಚಿಸುವವರಿಗೆ ಉಪಯೋಗ ಆಗಲಿ ಅಂತ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಗಿಟಾರ್ ನನ್ನ ಸೋದರಮಾವನದು. ಅಮೆರಿಕದಲ್ಲಿ ತಯಾರಾದ, ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್, ಚಿಕ್ಕದಾಗಿ ಸ್ಟ್ರಾಟ್. ಅವರು ಬಹ್ರೇನ್‌ನಲ್ಲಿ ಕೆಲಸಕ್ಕಿದ್ದಾಗ ಕೊಂಡಿದ್ದು. ಊರಿಗೆ ಬಂದಮೇಲೆ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆಯ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ನುಡಿಸಿದರು. ಆ ಕಾಲದಲ್ಲಿ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು. ಬ್ರಿಡ್ಜ್ (ತಂತಿಗಳು ಬಾಡಿಯ ಮೇಲೆ ಕೂರುವ ಜಾಗ) ಹತ್ತಿರ, ನಾದ ಹಿಡಿಯುವ ಪಿಕಪ್ ತೆಗೆಸಿ, ಎರಡು ಸುರುಳಿಯ ದಪ್ಪ ಹಂಬಕರ್ ಪಿಕಪ್ ಹಾಕಿಸಿದರು. ನಡುವೆ ತಿಳಿ, ಅಂಚಿಗೆ ಗಾಢ ಇರುವ ಸನ್‌ಬರ್ಸ್ಟ್ ಬಣ್ಣದ ಮೇಲೆ ಕೆಂಪು ಹೊಡೆಸಿದರು. ಟ್ಯೂನಿಂಗ್ ಕೀಗಳನ್ನು ಬದಲಿಸಿದರು. ಈಗ ಬೆರಳಿನ ಗಂಟು ನೋವು, ನುಡಿಸಲು ಆಗುವುದಿಲ್ಲ. ಮಾರುವ ಯೋಚನೆ.

"ಎಲ್ಲಾ ಮೊದ್ಲಿನ ಹಾಗೆ ಮಾಡಿ ಕೊಡು ಮಾರಾಯ, ಒಳ್ಳೆ ರೇಟು ಬರ್ತದೆ" ಅಂದರು.

"ಮಾವ, ಮೊದಲು ಬಿಚ್ಚಿ ನೋಡ್ತೀನಿ. ಅಲ್ಲಿವರೆಗೂ ಏನೂ ಮಾತು ಕೊಡಲ್ಲ" ಅಂದೆ. ನನ್ನ ಕಸುಬು ಆಂಪ್ಲಿಫೈಯರ್, ಮೈಕ್‌ಸೆಟ್ ರಿಪೇರಿ. ಸೋಲ್ಡರಿಂಗ್ ಕೈಗೆ ಕೂತಿದೆ. ಮರದ ಕೆಲಸಕ್ಕೆ ಸಾಗರದ ಆಚಾರ್ರೊಬ್ಬರನ್ನು ಕೇಳುತ್ತೇನೆ.

ಹಂತ 1: ಬಿಚ್ಚಿ ನೋಡಿದ್ದು (ಏಪ್ರಿಲ್ ಕೊನೆ)

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದೆ. ಪ್ರತಿ ಸ್ಕ್ರೂ ಎಲ್ಲಿಂದ ಬಂತೋ ಆ ಜಾಗದ ಹೆಸರು ಬರೆದ ಚಿಕ್ಕ ಕವರಿಗೆ ಹಾಕಿದೆ. ಹಳೆ ಗಿಟಾರಿನಲ್ಲಿ ಸ್ಕ್ರೂ ಕೂಡ ಲೆಕ್ಕಕ್ಕೆ ಬರುತ್ತದೆ.

ತಲೆಯ ಮೇಲಿನ ಸ್ಟಿಕ್ಕರ್‌ನಲ್ಲಿ ನಂಬರ್ ಎಸ್ 9ರಿಂದ ಶುರು. ಎಸ್ ಅಂದರೆ ಎಪ್ಪತ್ತರ ದಶಕ, 9 ಅಂದರೆ 1979. ಆದರೆ ನಂಬರ್ ಒಂದನ್ನೇ ನಂಬಬಾರದು, ನೆಕ್ (ಗಿಟಾರಿನ ಕತ್ತು) ಬೇರೆ ಗಿಟಾರಿನಿಂದ ಬಂದಿರಬಹುದು. ಪಿಕ್‌ಗಾರ್ಡ್ (ಬಾಡಿಯ ಮುಂದಿನ ಪ್ಲಾಸ್ಟಿಕ್ ಫಲಕ) ಎತ್ತಿ, ವಾಲ್ಯೂಮ್, ಟೋನ್ ತಿರುಗಿಸುವ ಪಾಟ್‌ಗಳ ಬೆನ್ನು ನೋಡಿದೆ. ಮೂರರಲ್ಲಿ ಎರಡರ ಮೇಲೆ 13779 ಅಂತ ಶುರುವಾಗಿ ಮತ್ತೆರಡು ಅಂಕಿ ಒತ್ತಿದೆ. 137 ಅಂದರೆ ಪಾಟ್ ತಯಾರಿಸಿದ ಸಿಟಿಎಸ್ ಕಂಪನಿ, 79 ವರ್ಷ, ಕೊನೆಯ ಎರಡು ಅಂಕಿ ಆ ವರ್ಷದ ಎಷ್ಟನೇ ವಾರ ಅನ್ನುವುದು. ನಂಬರಿಗೆ ತಾಳೆಯಾಯಿತು. ಮೂರನೇ ಪಾಟ್ ಇಲ್ಲಿಯದೇ, ರೇಡಿಯೋ ಅಂಗಡಿಯದು.

ಉಳಿದ ಗುರುತುಗಳೂ ಆ ಕಾಲದವೇ. ನೆಕ್ ಹಿಡಿದಿರುವುದು ಮೂರು ಬೋಲ್ಟು, ನೆಕ್ ಬಾಗದಂತೆ ಒಳಗಿರುವ ಕಬ್ಬಿಣದ ಸರಳು, ಅಂದರೆ ಟ್ರಸ್ ರಾಡ್‌ನ ತುದಿ, ತಲೆಯ ಹತ್ತಿರ ಬಂದೂಕಿನ ಗುಂಡಿನ ಆಕಾರದಲ್ಲಿ ಹೊರಗೆ ಕಾಣುತ್ತದೆ. ಎರಡೂ 1971ರ ಕೊನೆಯಿಂದ ಬಂದದ್ದು. ಪಿಕಪ್ ಆರಿಸುವ ಸ್ವಿಚ್ ಐದು ಸ್ಥಾನದ್ದು, ಅದು 1977ರಿಂದ. ತೂಕ 4.1 ಕೆಜಿ.

ಮಾವ ಬಿಸ್ಕತ್ ಡಬ್ಬಿ ಒಂದನ್ನು ತಂದುಕೊಟ್ಟರು. ಅದರಲ್ಲಿ ಬ್ರಿಡ್ಜ್‌ನ ಮೂಲ ಪಿಕಪ್, ಹಿಂಬದಿ ಎಫ್ ಅಕ್ಷರ ಒತ್ತಿರುವ ಆರು ಟ್ಯೂನಿಂಗ್ ಕೀ, ತಿರುಗಿಸುವ ಒಂದು ನಾಬ್. ನಲವತ್ತು ವರ್ಷ ಬಿಸಾಡದೆ ಇಟ್ಟಿದ್ದಾರೆ. ಇಡೀ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಸಹಾಯ ಈ ಡಬ್ಬಿ.

ಹಂತ 2: ಲೆಕ್ಕ ಹಾಕಿದ್ದು

ಏನನ್ನೂ ಮುಟ್ಟುವ ಮೊದಲು ಹಾಳೆಯ ಮೇಲೆ ಗೆರೆ ಎಳೆದು ಎರಡು ಭಾಗ ಮಾಡಿದೆ. ಸ್ಕ್ರೂಡ್ರೈವರ್, ಸೋಲ್ಡರಿಂಗ್ ಐರನ್‌ನಿಂದ ವಾಪಸ್ ಮಾಡಬಹುದಾದದ್ದು ಒಂದು ಕಡೆ. ಮರ ಹೋಗಿರುವುದು, ಬಣ್ಣ ಉಜ್ಜಿರುವುದು ಇನ್ನೊಂದು ಕಡೆ.

ಕೀ, ಪಾಟ್, ಪಿಕಪ್, ಪಿಕ್‌ಗಾರ್ಡ್ ಮೊದಲ ಕಡೆಗೆ ಬಂದವು. ಮೂಲ ಭಾಗ ಕೈಯಲ್ಲಿದ್ದರೆ ಇವುಗಳಿಂದ ಬೆಲೆ ಹೋಗುವುದು ಕಡಿಮೆ. ಹಂಬಕರ್‌ಗಾಗಿ ಕೆತ್ತಿದ ಗುಂಡಿ ಎರಡನೇ ಕಡೆಗೆ. ಆಗಿನ ಬಡಗಿ ಉಳಿಯಿಂದ ಹೊಡೆದಿದ್ದಾರೆ. ಅಗಲದಲ್ಲಿ ಜಾಸ್ತಿ ಹೋಗಿರುವ ಮರ ಒಂದು ಕಡೆ 16 ಮಿ.ಮೀ., ಆಳ 21 ಮಿ.ಮೀ. ಅಂಚಿನಲ್ಲಿ ಉಳಿಯ ಏಟು ಒಂದೊಂದೂ ಎಣಿಸುವ ಹಾಗೆ ಕಾಣುತ್ತದೆ. ಬಣ್ಣ ಯಾವ ಕಡೆಗೆ ಅಂತ ಆ ದಿನ ಗೊತ್ತಾಗಲಿಲ್ಲ.

ಗುಂಡಿಗೆ ಮರದ ತುಂಡು ಕೂರಿಸಿ ಅಂಟಿಸಿದರೆ ಆಗಲ್ವಾ ಅಂತ ಮಾವ ಕೇಳಿದರು. ಆಚಾರ್ರು ನೋಡಿ, ಕೂರಿಸಬಹುದು, ಚೆನ್ನಾಗೇ ಕೂರಿಸ್ತೀನಿ ಅಂದರು. ನಾನು ಬೇಡ ಅಂದೆ. ತುಂಬಿದ ಗುಂಡಿಯೂ ಕೊಳ್ಳುವವರ ಲೆಕ್ಕದಲ್ಲಿ ಕೆತ್ತಿದ ಗುಂಡಿಯೇ. ಅದರ ಮೇಲೆ ಅಂಟು, ಹೊಸ ಮರ, ಮುಚ್ಚಿಟ್ಟಿದ್ದಾರೆ ಅನ್ನುವ ಅನುಮಾನ ಸೇರುತ್ತದೆ. ಪಿಕ್‌ಗಾರ್ಡ್ ಕೆಳಗೆ ಹೇಗೂ ಕಾಣುವುದಿಲ್ಲ. ಇದ್ದ ಹಾಗೇ ಇರಲಿ, ಫೋಟೋ ತೆಗೆದು ತೋರಿಸೋಣ ಅಂತ ತೀರ್ಮಾನ ಆಯಿತು.

ಮಾವನಿಗೆ ಇನ್ನೊಂದು ಪ್ರಶ್ನೆ ಇತ್ತು. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮರ್ ಅವರ ಕಪ್ಪು ಸ್ಟ್ರಾಟ್ 2019ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಅದರಲ್ಲಿ ನೆಕ್ ಎಷ್ಟೋ ಸಲ ಬದಲಾಗಿದೆ, ಪಿಕಪ್ ಬದಲಾಗಿದೆ, ಬೇರೆ ಟ್ರೆಮೊಲೊ (ಸ್ವರ ಅಲ್ಲಾಡಿಸುವ ಹಿಡಿ ಇರುವ ಬ್ರಿಡ್ಜ್) ಹಾಕಲು ಮರ ಕೆತ್ತಿ ಮತ್ತೆ ತುಂಬಿದ್ದೂ ಇದೆ. ಇನ್ನೊಬ್ಬ ಹೆಸರಾಂತ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಅವರ ಬ್ಲ್ಯಾಕಿ ಅನ್ನುವ ಗಿಟಾರ್ ಮೂರು ಹಳೆ ಸ್ಟ್ರಾಟ್‌ಗಳ ಭಾಗ ಸೇರಿಸಿ ಕಟ್ಟಿದ್ದು, 2004ರಲ್ಲಿ 9,59,500 ಡಾಲರಿಗೆ ಹೋಯಿತು. "ಅವ್ರದ್ದಕ್ಕೆ ಬಂತಲ್ಲ, ನಮ್ದಕ್ಕೆ ಯಾಕೆ ಬರಲ್ಲ?" ಅಂದರು. ಅಲ್ಲಿ ಕೊಂಡವರು ದುಡ್ಡು ಕೊಟ್ಟಿದ್ದು ಆ ಕೈಗಳಿಗೆ. ಅವರು ಏನು ಬದಲಿಸಿದರೂ ಅದು ಅವರ ಹಾಡುಗಳ ದಾಖಲೆ ಆಗುತ್ತದೆ. ನಮ್ಮ ಗಿಟಾರನ್ನು ಕೊಳ್ಳುವವರು ಹುಡುಕುವುದು 1979ರಲ್ಲಿ ಫ್ಯಾಕ್ಟರಿಯಿಂದ ಹೊರಬಿದ್ದ ಸ್ಟ್ರಾಟನ್ನು. ಎರಡು ಬೇರೆ ಸಂತೆ.

ಇನ್ನೊಂದು ವಿಷಯವನ್ನೂ ಹೇಳಿದೆ. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ ಫೆಂಡರ್ ಅನ್ನು ಕೊಂಡಿತು. ಅದಕ್ಕೂ ಹಿಂದಿನವಕ್ಕೆ ಬೆಲೆ ತುಂಬಾ ಜಾಸ್ತಿ. ಅಂಥದ್ದಕ್ಕೆ ಹೊಸದಾಗಿ ಬಣ್ಣ ಹೊಡೆಸಿದ್ದರೆ ಹೆಚ್ಚುಕಡಿಮೆ ಅರ್ಧ ಬೆಲೆ ಹೋಯಿತು ಅಂತಲೇ ವ್ಯಾಪಾರದವರು ಲೆಕ್ಕ ಹಾಕುತ್ತಾರೆ. ಎಪ್ಪತ್ತರ ದಶಕದ ಕೊನೆಯವಕ್ಕೆ ಮೂಲ ಬೆಲೆಯೇ ಅಷ್ಟಿಲ್ಲ. ಅದಕ್ಕೇ ಖರ್ಚಿನ ಮೇಲೆ ಕಣ್ಣಿಡಬೇಕು. ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವವರೊಬ್ಬರು ಮತ್ತೆ ಸನ್‌ಬರ್ಸ್ಟ್ ಹೊಡೆದುಕೊಡಲು ₹18,000 ಕೇಳಿದರು. ಕೊಟ್ಟು ಮಾಡಿಸಿದರೂ ಅದು ಮತ್ತೆ ಬಣ್ಣ ಹೊಡೆಸಿದ ಗಿಟಾರೇ. ಆ ಹದಿನೆಂಟು ಸಾವಿರ ಬೆಲೆಯಲ್ಲಿ ವಾಪಸ್ ಬರುವುದಿಲ್ಲ.

ಹಂತ 3: ಡಬ್ಬಿಯ ಪಿಕಪ್

ಮಲ್ಟಿಮೀಟರ್ ಹಿಡಿದು ಅಳೆದೆ. ನೆಕ್ ಪಿಕಪ್ 5.6 ಕಿಲೋ ಓಮ್, ನಡುವಿನದು 5.7. ಡಬ್ಬಿಯ ಪಿಕಪ್ ಏನೂ ತೋರಿಸಲಿಲ್ಲ, ಓಪನ್. ಎಲ್ಲೋ ತಂತಿ ತುಂಡಾಗಿದೆ.

ಇಂಥ ಪಿಕಪ್ ಕಂಡರೆ ರೀವೈಂಡ್ ಮಾಡಿಸಿ ಅನ್ನುವವರೇ ಜಾಸ್ತಿ. ಏಳು ಸಾವಿರಕ್ಕೂ ಮೇಲೆ ಸುತ್ತು ಇರುತ್ತದೆ. ಅದನ್ನು ಕತ್ತರಿಸಿ ತೆಗೆದು ಹೊಸ ತಂತಿ ಸುತ್ತಿದರೆ ನಾದ ಬರುತ್ತದೆ, ಮೂಲ ಪಿಕಪ್ ಅನ್ನುವ ಮಾತು ಹೋಗುತ್ತದೆ. ಹಾಗಾಗಿ ಮೊದಲು ಎಲ್ಲಿ ತುಂಡಾಗಿದೆ ಅಂತ ಹುಡುಕಿದೆ.

ವಾಚ್ ರಿಪೇರಿಯವರ ಕಣ್ಣುಗಾಜು ಹಾಕಿಕೊಂಡು ತಳದ ಬೂದು ಪಟ್ಟಿ ನೋಡಿದೆ. ತಂತಿ ಬಂದು ಸೇರುವ ಎರಡು ಪುಟ್ಟ ಹಿತ್ತಾಳೆ ಕಣ್ಣುಗಳಿವೆ. ಒಂದರ ಸುತ್ತ ಹಸಿರು ಕಿಲುಬು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಹಳೆ ಫ್ಲಕ್ಸ್ ಸೇರಿದರೆ ಹೀಗೇ ತಿನ್ನುತ್ತದೆ. ತಂತಿ ಆ ಕಣ್ಣಿನಿಂದ ಒಂದು ಮಿ.ಮೀ. ಈಚೆಗೆ ತುಂಡಾಗಿ, ತುದಿ ಸುರುಳಿಯ ಮೇಲೇ ಮಲಗಿತ್ತು. ಪುಣ್ಯಕ್ಕೆ ಅದು ಹೊರಗಿನ ತುದಿ. ಒಳಗಿನ ತುದಿ ಆಗಿದ್ದರೆ ಸುತ್ತೆಲ್ಲ ಬಿಚ್ಚದೆ ಸಿಗುತ್ತಿರಲಿಲ್ಲ.

ತಂತಿಯ ದಪ್ಪ ಸುಮಾರು 0.063 ಮಿ.ಮೀ., ತಲೆಕೂದಲಿನಷ್ಟು. ಫ್ಯಾನ್ ಆಫ್ ಮಾಡಿ ಕೂತೆ. ಒದ್ದೆ ಮಾಡಿದ ಬೆಂಕಿಕಡ್ಡಿಯ ತುದಿಯಿಂದ ಅರ್ಧ ಸುತ್ತು ಬಿಡಿಸಿದೆ. ತುದಿಯ ಮೇಲಿನ ಲೇಪವನ್ನು ಬ್ಲೇಡಿನಿಂದ ಕೆರೆಯಲು ಹೋದಾಗ ತಂತಿ ಮತ್ತೆ ತುಂಡಾಯಿತು, ಬ್ಲೇಡ್ ಇದಕ್ಕೆ ತೀರಾ ಗಡುಸು. ಇನ್ನರ್ಧ ಸುತ್ತು ಬಿಡಿಸಿ, 1000 ನಂಬರಿನ ಎಮರಿ ಪೇಪರನ್ನು ಮಡಚಿ ಅದರ ನಡುವೆ ತಂತಿಯನ್ನು ಮೆಲ್ಲಗೆ ಎಳೆದೆ. ತಾಮ್ರ ಹೊಳೆಯಿತು. ಕಣ್ಣಿನ ಕಿಲುಬನ್ನು ಸ್ಪಿರಿಟ್‌ನಲ್ಲಿ ಒರೆಸಿ, ತಂತಿಯನ್ನು ಅದರೊಳಗೆ ತೂರಿಸಿ, ಸಣ್ಣ ಬಿಟ್‌ನಲ್ಲಿ ಒಂದೇ ಸಲ ಬೆಸುಗೆ ಮುಟ್ಟಿಸಿದೆ.

ಮೀಟರ್ 5.8 ಕಿಲೋ ಓಮ್ ತೋರಿಸಿತು. ಖರ್ಚು ಏನೂ ಇಲ್ಲ. ಬೆಲೆಯ ಲೆಕ್ಕದಲ್ಲಿ ಈ ಇಡೀ ಕೆಲಸದ ಅತಿ ದೊಡ್ಡ ಲಾಭ ಇದೇ ಅಂತ ನನ್ನ ಅಭಿಪ್ರಾಯ: ಮೂರೂ ಪಿಕಪ್ ಮೂಲದವು, ಸುತ್ತು ಬಿಚ್ಚದವು.

ಹಂಬಕರ್ ತೆಗೆಯುವಾಗ ಉಳಿದ ಎರಡು ಪಿಕಪ್‌ಗಳ ಹಳೆ ಬೆಸುಗೆಗಳನ್ನು ಮುಟ್ಟಲಿಲ್ಲ. ಫ್ಯಾಕ್ಟರಿ ಬೆಸುಗೆ ಹಾಗೇ ಇದೆಯಾ ಅಂತ ನೋಡುವವರಿದ್ದಾರೆ. ರೇಡಿಯೋ ಅಂಗಡಿಯ ಪಾಟ್ ಚೆನ್ನಾಗೇ ತಿರುಗುತ್ತಿದೆ, ಅದನ್ನೂ ಬಿಟ್ಟೆ. ಹೊಸದು ಹಾಕಿದರೂ ಅದು 1979ರದ್ದು ಆಗುವುದಿಲ್ಲವಲ್ಲ.

ಹಂತ 4: ಪಿಕ್‌ಗಾರ್ಡ್

ಮೂಲದ ಕಪ್ಪು ಪಿಕ್‌ಗಾರ್ಡ್ ಇದೆ. ಆದರೆ ಹಂಬಕರ್‌ಗಾಗಿ ಅರದಿಂದ ಉಜ್ಜಿ ದೊಡ್ಡ ಬಾಯಿ ಮಾಡಿದ್ದಾರೆ. ಚಿಕ್ಕ ಪಿಕಪ್ ಅದರಲ್ಲಿ ನಿಲ್ಲುವುದಿಲ್ಲ.

ಆನ್‌ಲೈನ್‌ನಲ್ಲಿ ₹850 ಕೊಟ್ಟು 11 ಸ್ಕ್ರೂವಿನ ಪಿಕ್‌ಗಾರ್ಡ್ ತರಿಸಿದೆ. ಇಟ್ಟು ನೋಡಿದರೆ ಎಂಟು ತೂತು ಸರಿ ಕೂತವು, ಮೂರು ಕೂರಲಿಲ್ಲ. ಒಂದು ಕಡೆ 2 ಮಿ.ಮೀ. ವ್ಯತ್ಯಾಸ. ಇಂಥ ಜಾಗದಲ್ಲೇ ಹಳೆ ಗಿಟಾರುಗಳು ಕೆಡುತ್ತವೆ. ಡ್ರಿಲ್ ತಗೊಂಡು ಪಕ್ಕದಲ್ಲಿ ಮೂರು ತೂತು ಕೊರೆದರೆ ಐದು ನಿಮಿಷದ ಕೆಲಸ. ಇವತ್ತು ₹850ರ ಪ್ಲಾಸ್ಟಿಕ್ಕಿಗೆ ಹೊಂದಿಸಲು ಕೊರೆದ ತೂತು ಮುಂದೆ ಯಾವತ್ತೂ ಮರದಲ್ಲಿ ಇರುತ್ತದೆ. ಪಿಕ್‌ಗಾರ್ಡನ್ನು ಪಕ್ಕಕ್ಕಿಟ್ಟೆ.

ಆಮೇಲೆ ಕಪ್ಪು-ಬಿಳಿ-ಕಪ್ಪು ಮೂರು ಪದರದ ಹಾಳೆ ತರಿಸಿದೆ, ₹1,150. ಮೂಲ ಪಿಕ್‌ಗಾರ್ಡನ್ನು ಸ್ಕ್ಯಾನ್ ಮಾಡಿಸಿ, ಶಿವಮೊಗ್ಗದಲ್ಲಿ ನಾಮಫಲಕ ಮಾಡುವ ಅಂಗಡಿಯ ಮೆಷಿನ್ನಿನಲ್ಲಿ ಅದೇ ಅಳತೆಗೆ ಕತ್ತರಿಸಿದೆವು. ಮೊದಲು ಸುಮ್ನೆ ರಟ್ಟಿನ ಮೇಲೆ ಕತ್ತರಿಸಿ ಗಿಟಾರಿನ ಮೇಲಿಟ್ಟು ನೋಡಿದ್ದು ಒಳ್ಳೇದಾಯ್ತು. ಸ್ಕ್ಯಾನ್ ಅಳತೆ ಉದ್ದಕ್ಕೆ ಒಂದು ಮಿ.ಮೀ. ಕಮ್ಮಿ ಬಂದಿತ್ತು, ಸರಿ ಮಾಡಿದೆವು. ಅಂಗಡಿಯವರು ₹300 ತಗೊಂಡರು. ಅಂಚಿನ ಓರೆಯನ್ನು ನಾನೇ ಅರದಿಂದ ಮಾಡಿದೆ. ಹನ್ನೊಂದೂ ಹಳೆ ಸ್ಕ್ರೂ ಹಳೆ ತೂತಿಗೇ ಹೋದವು.

ಕತ್ತರಿಸಿದ ಮೂಲ ಪಿಕ್‌ಗಾರ್ಡ್ ಬಿಸಾಡಲಿಲ್ಲ. ಹಂಬಕರ್ ಜೊತೆ ಕೇಸಿನಲ್ಲಿದೆ.

ಹಂತ 5: ಕೆಂಪು ಬಣ್ಣ (ಮೇ, ಮಳೆ ಹಿಡಿಯುವ ಮೊದಲು)

ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಮಾವ ಆಗ ಗಿಟಾರನ್ನು ಕೊಟ್ಟಿದ್ದು ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ. ಕಾರಿಗೆ ಹೊಡೆಯುತ್ತಿದ್ದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣವನ್ನೇ ಹೊಡೆದಿದ್ದಾರೆ.

ನನಗೆ ಆಸೆ ಹುಟ್ಟಿದ್ದು ಒಂದೇ ಕಾರಣಕ್ಕೆ. ಫೆಂಡರ್ 1968ರ ಹೊತ್ತಿಗೆ ಬಾಡಿಗೆ ಪಾಲಿಯೆಸ್ಟರ್ ಲೇಪ ಹಾಕಲು ಶುರು ಮಾಡಿತು. ಅದು ದಪ್ಪ, ಗಡುಸು, ಥಿನ್ನರಿಗೆ ಕರಗುವುದಿಲ್ಲ. ಎನ್‌ಸಿ ಬಣ್ಣ ಥಿನ್ನರಿಗೆ ಕರಗುತ್ತದೆ. ಅಂದರೆ ಕೆಳಗಿನದನ್ನು ಪೂರ್ತಿ ಉಜ್ಜಿ ಹಾಕಿರದಿದ್ದರೆ ಮೇಲಿನದನ್ನು ಮಾತ್ರ ಬಿಡಿಸಬಹುದು. ಐವತ್ತರ, ಅರವತ್ತರ ದಶಕದ ಗಿಟಾರ್ ಆಗಿದ್ದರೆ ಕೆಳಗಿನದೂ ನೈಟ್ರೋ ಲ್ಯಾಕರ್ರೇ ಇರುತ್ತಿತ್ತು, ಥಿನ್ನರ್ ಎರಡನ್ನೂ ತಿಂದುಹಾಕುತ್ತಿತ್ತು. ಅಂಥದ್ದರ ಮೇಲೆ ಈ ವಿಧಾನ ಮಾಡಲೇಬಾರದು.

ಬಾಡಿಯಿಂದ ಎಲ್ಲ ಪ್ಲಾಸ್ಟಿಕ್, ಲೋಹ ತೆಗೆದೆ. ನೆಕ್ಕನ್ನು ಬೇರೆ ಕೋಣೆಯಲ್ಲಿಟ್ಟೆ. ತಲೆಯ ಮುಂಭಾಗಕ್ಕೆ ಆ ಕಾಲದಲ್ಲೂ ಲ್ಯಾಕರ್ರೇ ಹಾಕುತ್ತಿದ್ದರು, ಪಾಲಿಯೆಸ್ಟರ್ ಸ್ಟಿಕ್ಕರಿಗೆ ಆಗಿಬರುತ್ತಿರಲಿಲ್ಲ. ಅಲ್ಲಿಗೆ ಒಂದು ಹನಿ ಥಿನ್ನರ್ ಬಿದ್ದರೆ ಹೆಸರೂ ನಂಬರೂ ಹೋದಂತೆ.

ಮೊದಲ ಪರೀಕ್ಷೆ ಹಿಂಬದಿ ಸ್ಪ್ರಿಂಗ್ ಮುಚ್ಚಳದ ಕೆಳಗೆ, ಕಾಣದ ಜಾಗದಲ್ಲಿ. ಹತ್ತಿಯಲ್ಲಿ ಥಿನ್ನರ್ ಅದ್ದಿ ಒತ್ತಿ ಹಿಡಿದೆ. ಕೆಂಪು ಬಂತು, ಹಿಂದೆಯೇ ಬೂದು ಪ್ರೈಮರ್ ಬಂತು, ಆಮೇಲೆ ಹತ್ತಿಗೆ ಏನೂ ಹತ್ತಲಿಲ್ಲ. ಕೆಳಗೆ ಕಂದು-ಹಳದಿ ಸನ್‌ಬರ್ಸ್ಟ್, ಮೇಲೆ ಎಮರಿ ಉಜ್ಜಿದ ಗೀರುಗಳು. ಮಾವ ಪಕ್ಕದಲ್ಲೇ ನಿಂತಿದ್ದರು. "ಇದೇ ಬಣ್ಣ ನೋಡು ನಾನು ತಂದಿದ್ದು" ಅಂದರು.

ಹೊರಗಿನ ಜಗಲಿಯಲ್ಲಿ, ಕೈಗವಸು ಹಾಕಿ, ಬೆಂಕಿ ಹತ್ತಿರ ಇಲ್ಲದ ಹಾಗೆ ನೋಡಿಕೊಂಡು ಮಾಡಿದೆ. ಬನಿಯನ್ ಬಟ್ಟೆಯನ್ನು ಥಿನ್ನರಿನಲ್ಲಿ ಒದ್ದೆ ಮಾಡಿ ಅಂಗೈ ಅಗಲದ ಜಾಗಕ್ಕೆ ಹಾಕಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ಹತ್ತು ನಿಮಿಷ ಬಿಡುವುದು. ಆಮೇಲೆ ಹಳೆ ಎಟಿಎಂ ಕಾರ್ಡಿನಿಂದ ಕೆರೆಯುವುದು. ಲೋಹ ಮುಟ್ಟಿಸಲೇ ಇಲ್ಲ. ಹೀಟ್ ಗನ್ ಹಿಡಿದರೆ ಬೇಗ ಆಗುತ್ತೆ ಅಂತ ಕೆಲವರು ಹೇಳಿದರು. ಬಿಸಿಗೆ ಕೆಳಗಿನ ಪಾಲಿಯೆಸ್ಟರೂ ಗುಳ್ಳೆ ಎದ್ದು ಹಾಳೆಯಂತೆ ಎದ್ದು ಬರುತ್ತದೆ, ಹಾಗಾಗಿ ಅದನ್ನು ಹತ್ತಿರಕ್ಕೂ ತರಲಿಲ್ಲ.

ಹಿಂಬದಿ ಪೂರ್ತಿ ಚೆನ್ನಾಗಿ ಬಂತು. ಮುಂಬದಿ ಮುಕ್ಕಾಲು ಬಂತು. ಬಲಗೈ ಒರಗುವ ಅಂಚಿನಲ್ಲಿ ನಿಂತುಹೋಯಿತು. ಅಲ್ಲಿ ಬಣ್ಣದವರು ಮರ ಕಾಣುವವರೆಗೂ ಉಜ್ಜಿ, ಹಾರ್ಡ್‌ನರ್ ಬೆರೆಸುವ ಪುಟ್ಟಿ ಹಚ್ಚಿದ್ದಾರೆ. ಆ ಪುಟ್ಟಿಯೂ ಪಾಲಿಯೆಸ್ಟರೇ, ಥಿನ್ನರಿಗೆ ಜಗ್ಗುವುದಿಲ್ಲ. ಎರಡು ಸಲ ಬಟ್ಟೆ ಮುಚ್ಚಿಟ್ಟು ನೋಡಿದೆ, ಮೇಲಿನ ಕೆಂಪು ಹೋಗಿ ತಿಳಿ ಹಸಿರು ಪುಟ್ಟಿ ಹಾಗೇ ಉಳಿಯಿತು. ಉಜ್ಜಿ ತೆಗೆಯಬಹುದು, ಆದರೆ ಅದರ ಅಂಚಿನಲ್ಲಿ ಉಳಿದಿರುವ ಸನ್‌ಬರ್ಸ್ಟ್ ಜೊತೆಗೇ ಹೋಗುತ್ತದೆ. ಉದ್ದ 11 ಸೆಂ.ಮೀ., ಅಗಲ 4 ಸೆಂ.ಮೀ. ಅಷ್ಟು ಜಾಗ ಹಾಗೇ ಬಿಟ್ಟಿದ್ದೇನೆ.

ಗೀರುಗಳಿಗೆ ಪಾಲಿಶ್ ಹಾಕಲಿಲ್ಲ, ಮೇಲೆ ಕ್ಲಿಯರ್ ಹೊಡೆಯಲಿಲ್ಲ. ನೋಡಲು ಮೊದಲಿನ ಹೊಸ ಕೆಂಪೇ ಚೆಂದ ಇತ್ತು ಅಂತ ಅತ್ತೆ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಗೀರು ಬಿದ್ದ ಮೂಲ ಬಣ್ಣಕ್ಕೆ ಇರುವ ಬೆಲೆ ಹೊಳೆಯುವ ಹೊಸ ಬಣ್ಣಕ್ಕಿಲ್ಲ. ಕೊಳ್ಳುವವರು ಆ ಗೀರನ್ನು ನೋಡಿ, ಕೆಳಗಿರುವುದು ಫ್ಯಾಕ್ಟರಿ ಬಣ್ಣ ಅಂತ ತಾವೇ ಪರೀಕ್ಷೆ ಮಾಡಿಕೊಳ್ಳಬಹುದು.

ಹಂತ 6: ನೆಕ್, ಕೀ, ಫ್ರೆಟ್

ಡಬ್ಬಿಯ ಕೀಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಳಗೆ ಒಂದೊಂದು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆ. ಆರೂ ತಿರುಗುತ್ತವೆ. ನಡುವೆ ಹಾಕಿದ್ದ ಕೀಗಳ ಸ್ಕ್ರೂ ತೂತುಗಳು ತಲೆಯ ಹಿಂಬದಿ ಕಾಣುತ್ತವೆ. ಮೇಣ, ಪುಟ್ಟಿ ಯಾವುದನ್ನೂ ತುಂಬಲಿಲ್ಲ.

ಬೆರಳು ಓಡುವ ಪಟ್ಟಿ ಬೀಟೆ ಮರದ್ದು. ಅರವತ್ತರ ದಶಕದ ನಡುವಿನಿಂದ ಫೆಂಡರ್ ಬಳಸಿದ್ದು ಹೆಚ್ಚಾಗಿ ಭಾರತದ ಬೀಟೆ. ನಮ್ಮ ಕಾಡಿನ ಜಾತಿಯ ಮರ ಅಮೆರಿಕಕ್ಕೆ ಹೋಗಿ, ಬಹ್ರೇನ್ ಸುತ್ತಿ, ತೀರ್ಥಹಳ್ಳಿಗೆ ವಾಪಸ್ ಬಂದಿದೆ. ಆಚಾರ್ರು ಉಗುರಿನಿಂದ ಒತ್ತಿ ನೋಡಿ "ಒಳ್ಳೆ ಬಲಿತ ಬೀಟೆ" ಅಂದರು. ಹೊರದೇಶಕ್ಕೆ ಮಾರುವವರು ಗಮನಿಸಬೇಕಾದ್ದು: 2017ರ ಜನವರಿಯಿಂದ ಬೀಟೆ ಜಾತಿಯ ಮರಗಳೆಲ್ಲ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಬಂದವು, 2019ರ ನವೆಂಬರಿನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಬೀಟೆಗೆ ಆ ವಿನಾಯಿತಿ ಇಲ್ಲ.

ನೆಕ್ ಸ್ವಲ್ಪ ಬಾಗಿತ್ತು. ಟ್ರಸ್ ರಾಡನ್ನು ಕಾಲು ಸುತ್ತಿನಂತೆ, ನಡುವೆ ಒಂದು ದಿನ ಬಿಟ್ಟು ತಿರುಗಿಸಿದೆ. ಈಗ ಏಳನೇ ಫ್ರೆಟ್ ಹತ್ತಿರ 0.25 ಮಿ.ಮೀ. ಸಂದು.

ಫ್ರೆಟ್‌ಗಳು ಮೂಲದವು. ಮೊದಲ ಮೂರರಲ್ಲಿ ತಂತಿಯ ಕೆಳಗೆ ಗುಳಿ ಬಿದ್ದಿದೆ. ಫ್ರೆಟ್ ಬದಲಿಸುವುದು ಬೈಕಿಗೆ ಟೈರ್ ಹಾಕಿಸಿದ ಹಾಗೆ. ಸವೆಯುವ ಭಾಗ ಅಂತ ಎಲ್ಲರಿಗೂ ಗೊತ್ತು, ಚೆನ್ನಾಗಿ ಮಾಡಿದರೆ ಬೆಲೆಗೆ ದೊಡ್ಡ ಪೆಟ್ಟಿಲ್ಲ. ಕೆಟ್ಟದಾಗಿ ಮಾಡಿ ಬೀಟೆಯ ಅಂಚು ಕಿತ್ತರೆ ಮಾತ್ರ ಪೆಟ್ಟು. ಕೊಳ್ಳುವವರೇ ತಮಗೆ ಬೇಕಾದ ಅಳತೆಯ ಫ್ರೆಟ್ ಹಾಕಿಸಿಕೊಳ್ಳಲಿ ಅಂತ ಬಾಕಿ ಬಿಟ್ಟಿದ್ದೇನೆ.

ಹಂತ 7: ಜೋಡಣೆ, ಖರ್ಚು

ತಂತಿ ಹಾಕಿ ಆಂಪ್‌ಗೆ ಕೊಟ್ಟಾಗ ಮೂರೂ ಪಿಕಪ್ ಮಾತಾಡಿದವು. ಖರ್ಚು: ಕೂರದ ಪಿಕ್‌ಗಾರ್ಡ್ ₹850, ಹಾಳೆ ₹1,150, ಕತ್ತರಿಸಿದ್ದು ₹300, ಥಿನ್ನರ್ ₹220, ತಂತಿ ₹650, ಎಮರಿ, ಹತ್ತಿ, ಕೈಗವಸು ₹180. ಒಟ್ಟು ₹3,350.

ಜೂನ್ ಬಂದಮೇಲೆ ಗಿಟಾರ್ ಕೇಸಿನಲ್ಲಿಲ್ಲ. ನಮ್ಮ ಕಡೆ ಮುಚ್ಚಿದ ಕೇಸಿನೊಳಗೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಕಪಾಟಿನ ಕೆಳಗಡೆ ಚಿಕ್ಕ ಬಲ್ಬ್ ಉರಿಸಿ, ಮೇಲೆ ಗಿಟಾರ್ ನೇತುಹಾಕಿದ್ದೇವೆ. ತೇವ ತೋರಿಸುವ ಮೀಟರ್ 55ರ ಆಸುಪಾಸಿನಲ್ಲಿದೆ. ಹೊರಗೆ 90 ದಾಟುತ್ತದೆ.

ಹಂತ 8: ರೇಟು

ಗುಂಡಿ, ಪುಟ್ಟಿ, ಕೀ ತೂತು, ಬದಲಾದ ಪಾಟ್, ಹೊಸ ಪಿಕ್‌ಗಾರ್ಡ್, ಎಲ್ಲದರ ಫೋಟೋ ಮೊದಲೇ ಹಾಕಿ, ಬೆಲೆ ಆಮೇಲೆ ಮಾತಾಡೋಣ ಅಂತ ವಿಚಾರಿಸಿದವರಿಗೆ ಕಳಿಸಿದೆವು. ಬೆಂಗಳೂರಿನಿಂದ ಇಬ್ಬರು ಕೇಳಿದ್ದಾರೆ. ಒಬ್ಬರಿಗೆ ನೆಕ್, ಪಿಕಪ್, ಕೀ ಮಾತ್ರ ಬೇಕು, ಬಾಡಿ ಬೇಡ. ಇಡೀ ಗಿಟಾರಿಗೆ ಇನ್ನೊಬ್ಬರು ಹೇಳಿದ್ದಕ್ಕಿಂತ ಈ ಭಾಗಗಳಿಗೇ ಅವರು ಜಾಸ್ತಿ ಹೇಳಿದರು. ಬಾಡಿ ಕೆತ್ತಿಸಿಕೊಂಡ ಗಿಟಾರುಗಳಿಗೆ ಆಗುವುದೇ ಇದು, ಬಿಡಿಬಿಡಿಯಾಗಿ ಬೆಲೆ ಜಾಸ್ತಿ.

ಇಬ್ಬರ ಮಾತನ್ನೂ ಮಾವನ ಮುಂದಿಟ್ಟೆ. ಬಿಡಿಸಿ ಮಾರಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಂಬರ್, ಪಾಟ್, ಪಿಕಪ್, ಬಣ್ಣ ಎಲ್ಲ ಒಂದೇ ವರ್ಷದವು ಅಂತ ತಾಳೆ ನೋಡಿ ಒಟ್ಟು ಮಾಡಿದ್ದು ಇದನ್ನು ಒಂದು ಗಿಟಾರಾಗಿ ಉಳಿಸಲು. ಒಮ್ಮೆ ಬೇರೆಯಾದರೆ ಇವನ್ನು ಮತ್ತೆ ಯಾರೂ ಸೇರಿಸಲಾರರು. ಅವರು ಹೆಚ್ಚು ಹೊತ್ತು ಯೋಚಿಸಲಿಲ್ಲ. "ಇಡೀ ತಗೊಳ್ಳೋರಿಗೇ ಕೊಡು. ಡಬ್ಬಿನೂ ಜೊತೆಗೇ ಕೊಡು" ಅಂದರು. ಮಳೆ ನಿಂತಮೇಲೆ ಕೊಳ್ಳುವವರು ತೀರ್ಥಹಳ್ಳಿಗೆ ಬಂದು, ಪಿಕ್‌ಗಾರ್ಡ್ ಬಿಚ್ಚಿ ನೋಡಿ ತಗೊಂಡು ಹೋಗುತ್ತಾರೆ.